ಚೀಟಿಯಲ್ಲಿ ಬಂದ ಮೂಲೆ ಸೈಟು

ಹೊಳೆ ನುಗ್ಗಿದ ಎಡತೊರೆಯವರಿಗೆ ಹೊಸ ಊರು ಕಟ್ಟುವ ನಕ್ಷೆ ನಾನೇ ಬರೆದಿದ್ದೆ. ಸುಣ್ಣದ ಗೆರೆ ಎಳೆದು, ಗೂಟ ಹೊಡೆದು, ಚೀಟಿ ಎತ್ತಿಸಿ ಸೈಟು ಹಂಚಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲಕ್ಕಿಂತ ಒಳ್ಳೆಯ ಮೂಲೆ ಸೈಟು ನಿಂಗಜ್ಜಿಗೆ ಬಂತು. ಅಜ್ಜಿ ಅದನ್ನು ಯಾರಿಗೋ ಕೊಟ್ಟು, ಬೀದಿ ನಡುವಿನ ಇಕ್ಕಟ್ಟು ಜಾಗದ ಚೀಟಿ ತಂದಳು!

"ಯಾಕಜ್ಜಿ, ಅಲ್ಲಿ ಗಾಳಿ ಬೆಳಕು ಎಲ್ಲ ಇತ್ತಲ್ಲ?"

"ಇರ್ಲಿ ಬುಡಿ ಬುದ್ಧಿ. ಇಲ್ಲಿ ಪಕ್ಕದ್ದು ಕಾಳಮ್ಮಂದು. ಮೂವತ್ತು ವರ್ಸದಿಂದ ಅವಳ ಜೊತೆ ಜಗಳ ಆಡ್ತಾ ಇವ್ನಿ ಕಣ್ರೀ. ಆ ಮೂಲೇಗೋದ್ರೆ ಬೆಳಿಗ್ಗೆ ಎದ್ದು ಯಾರನ್ನ ಬಯ್ಲಿ?"

ಸುತ್ತ ನೋಡಿದರೆ ಎಲ್ಲರೂ ಚೀಟಿ ಬದಲಾಯಿಸಿಕೊಳ್ಳುತ್ತಿದ್ದರು! ಸಂಜೆಯೊಳಗೆ ಅವರ ಹಳೆಯ ಬೀದಿಗಳೆಲ್ಲ ನನ್ನ ನೇರ ರಸ್ತೆಗಳಲ್ಲಿ ಬಂದು ಕೂತವು. ಕುಣಿಯುವಷ್ಟು ಖುಷಿಯಲ್ಲಿ ನಕ್ಷೆಯ ಮೇಲಿನ ಹೆಸರುಗಳನ್ನೆಲ್ಲ ತಿದ್ದಿದೆ.

ನಕ್ಷೆಯ ಕೆಳಗೆ ಈಗಲೂ ಇರುವುದು ನನ್ನ ರುಜು. ಇರಬೇಕಿದ್ದದ್ದು ನಿಂಗಜ್ಜಿಯ ಹೆಬ್ಬೆಟ್ಟು.