ಮೂರು ತಿಂಗಳ ನಂತರದ ಪಿಎಸ್‌ಎ

ಮೂತ್ರಕೋಶದ ಕೆಳಗೆ ಊದಿಕೊಂಡಿದ್ದ ನನ್ನ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆಗಿ ಮೂರು ವಾರ ಕಳೆದಿತ್ತು. ತೆಗೆದ ತುಣುಕುಗಳಲ್ಲಿ ಕ್ಯಾನ್ಸರ್ ಇಲ್ಲವೆಂದು ವರದಿಯೂ ಬಂದಿತ್ತು. ಪಿಎಸ್‌ಎ ಎಂಬ, ಕ್ಯಾನ್ಸರಿನ ಸುಳಿವು ಕೊಡುವ ರಕ್ತಪರೀಕ್ಷೆಯನ್ನು ಮೂರು ತಿಂಗಳ ಮೇಲೆ ಮಾಡಿಸಿ ಎಂದಿದ್ದರು ಡಾಕ್ಟರು. ನನಗೆ ತಡೆಯಲಿಲ್ಲ. ಮಾನೇಸರದ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಣಮಟ್ಟ ತಪಾಸಣೆ ಮಾಡುತ್ತಿರುವವನು ನಾನು. ಅಳೆದು ನೋಡದೆ ಯಾವುದನ್ನೂ ನಂಬುವವನಲ್ಲ. ಹೆಂಡತಿ ಆಫೀಸಿಗೆ ಹೋದ ಮೇಲೆ ಲ್ಯಾಬಿನವರನ್ನು ದೆಹಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿಗೇ ಕರೆಸಿ ರಕ್ತ ಕೊಟ್ಟೆ.

ಸಂಜೆ ಮೊಬೈಲಿಗೆ ಬಂದ ಅಂಕಿ ಹನ್ನೊಂದು. ಆಪರೇಷನ್ನಿಗೆ ಮುಂಚೆ ಇದ್ದದ್ದೇ ಆರು! ಕ್ಯಾನ್ಸರೇ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ, ಕಾಲೇಜಿಗೆ ಹೋಗುವ ಮಗಳನ್ನು ಕರೆದು ಗ್ಯಾಸ್ ಸಿಲಿಂಡರ್ ಬದಲಾಯಿಸುವುದನ್ನು ಕಲಿಸಲು ಕೂತೆ.

"ಅಪ್ಪಾ, ಇದು ನಂಗೆ ಆಲ್ರೆಡಿ ಬರುತ್ತೆ. ಕ್ಯಾ ಹುವಾ ಆಪ್‌ಕೋ?" ಎಂದಳು.

ಅಡುಗೆಮನೆಯ ನೆಲದ ಮೇಲೆಯೇ ಅತ್ತುಬಿಟ್ಟೆ. ಹೆಂಡತಿ ಓಡಿ ಬಂದಳು, 'ರಿಪೋರ್ಟು' ಎಂದದ್ದೇ ತಡ ನನ್ನ ಫೋನು ಕಸಿದು ನೋಡಿದಳು, ಮರುದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಇಷ್ಟು ಬೇಗ ಮಾಡಿಸೋಕೆ ಯಾರು ಹೇಳಿದ್ರು? ಒಳಗಿನ ಗಾಯ ಇನ್ನೂ ಹಸಿ. ಈಗ ಅಂಕಿ ಏರಿಯೇ ಇರುತ್ತೆ," ಎಂದು ಡಾಕ್ಟರು ಹಿಂದಿಯಲ್ಲಿ ಗದರಿದರು.

ವಾಪಸು ಬರುವಾಗ ಮೆಟ್ರೋದಲ್ಲಿ ಹೆಂಡತಿ ಕೇಳಿದಳು: "ನಿಮ್ಮ ಫ್ಯಾಕ್ಟರೀಲಿ ಕೆಂಪಗೆ ಕಾದಿರೋ ಕಬ್ಬಿಣಾನೂ ಹೀಗೇ ಅಳೀತೀರಾ?"

ಲ್ಯಾಬಿನ ಆ್ಯಪನ್ನು ಅವಳು ನನ್ನ ಫೋನಿನಿಂದ ಅಲ್ಲೇ ಅಳಿಸಿಹಾಕಿದಳು.

ಮೂರು ತಿಂಗಳು ತುಂಬಿದ ದಿನ ಮೂವರೂ ಒಟ್ಟಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಸಂಜೆ ಚಹಾ ಕುಡಿಯುವಾಗ ಮಗಳ ಫೋನು ಸದ್ದು ಮಾಡಿತು.

"ಪಾಯಿಂಟ್ ನೈನ್! ಅಪ್ಪಾ, ಒಂದೂ ಇಲ್ಲ!"

ಮಗಳು ಕುಣಿದಳು. ನಾನು ಲೋಟ ಕೆಳಗಿಟ್ಟು ಸುಮ್ಮನೆ ನಕ್ಕೆ. ಅಷ್ಟು ದಿನ ಧೈರ್ಯ ಹೇಳುತ್ತಿದ್ದ ಹೆಂಡತಿ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವಳೂ ಹೆದರಿದ್ದಳೆಂದು ಆಗಲೇ ನನಗೆ ಗೊತ್ತಾದದ್ದು.

ಕಾರ್ಖಾನೆಯಲ್ಲಿ ಅದುವರೆಗೆ 'ಸಣ್ಣ ಆಪರೇಷನ್' ಎಂದಷ್ಟೇ ಹೇಳಿ ತಪ್ಪಿಸಿಕೊಂಡಿದ್ದೆ. ಮರುದಿನ ಕ್ಯಾಂಟೀನಿನಲ್ಲಿ ಏನು, ಎಲ್ಲಿಯದು ಎಂದು ಎಲ್ಲರೆದುರು ಹೇಳಿದೆ. ಒಂದಿಬ್ಬರು ತಟ್ಟೆಯತ್ತ ತಲೆ ತಗ್ಗಿಸಿದರು. ಕೈ ತೊಳೆಯುವಾಗ ನನ್ನದೇ ವಯಸ್ಸಿನ ಫೋರ್‌ಮನ್ ಪಕ್ಕಕ್ಕೆ ಬಂದು ಪಿಸುಗುಟ್ಟಿದ: "ಭಾಯಿಸಾಬ್, ಡಾಕ್ಟರ್ ಕಾ ನಂಬರ್ ದೇನಾ."

ಅವನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಮೊದಲಿನಿಂದ ಎಲ್ಲವನ್ನೂ ಹೇಳಿದೆ, ದನಿ ತಗ್ಗಿಸದೆ.