ಎರಡನೇ ಚೂರು

ನಮ್ಮ ಮೂಗಿನ ಡಾಕ್ಟರ ಹಣೆಯ ಮೇಲೆ ಗುಂಡು ಕನ್ನಡಿಯ ಪಟ್ಟಿ ಒತ್ತಿ ಒತ್ತಿ ಒಂದು ಗೆರೆ ತಗ್ಗಾಗಿ ಉಳಿದಿತ್ತು. ಈಗಿನ ಡಾಕ್ಟರುಗಳು ಮೂಗಿಗೆ ಕೊಳವೆ ಹಾಕಿ ಟಿವಿಯಲ್ಲಿ ನೋಡುತ್ತಾರೆ. ಅವರು ಮಾತ್ರ ಆ ಕನ್ನಡಿ ಬಿಡಲಿಲ್ಲ. ಪಾವಗಡದ ಕಡೆಯವರು, ಮಧುಗಿರಿಯಲ್ಲಿ ಸಣ್ಣ ಕ್ಲಿನಿಕ್ ಇಟ್ಟಿದ್ದರು. ಮೂಗಿನೊಳಗೆ ಇಣುಕುವಾಗ ತೆಲುಗಿನಲ್ಲಿ "ಉಂಡು, ಉಂಡು" ಅನ್ನುತ್ತಿದ್ದರು. ತಾಳು ಎಂದದ್ದು ನಮಗೋ, ತಮ್ಮ ಕೈಗೋ ತಿಳಿಯುತ್ತಿರಲಿಲ್ಲ.

ಹೊಳವನಹಳ್ಳಿಯಿಂದ ನಾನು ಅವರಲ್ಲಿಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಎಡ ಹೊಳ್ಳೆಯಲ್ಲಿ ಹಕ್ಕಳೆ ಕಟ್ಟುತ್ತಿತ್ತು, ಕಿತ್ತರೆ ರಕ್ತ. ಮೂಗುತಿ ನಂಜಾಗಿದೆ ಎಂದು ಅತ್ತೆ ತಿಂಗಳುಗಟ್ಟಲೆ ಹರಳೆಣ್ಣೆ, ಅರಿಶಿನ ಹಚ್ಚಿಸಿದ್ದರು. ಹುಣ್ಣು ಮೂಗುತಿಯ ತೂತಿನದಲ್ಲ, ಹೊಳ್ಳೆಗಳ ನಡುವಿನ ಗೋಡೆಯದು ಎಂದು ಡಾಕ್ಟರು ತೋರಿಸಿದರು. ಬಿಟ್ಟರೆ ಮೂಗೇ ಕುಸಿಯಬಹುದು ಎಂದು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಯಲ್ಲಿ ಏನೂ ಬರಲಿಲ್ಲ.

ಅತ್ತೆಗೆ ಗೆದ್ದಷ್ಟು ಸಮಾಧಾನ. ಇನ್ನೊಂದು ಚೂರು ಬೇಕೆಂದು ಡಾಕ್ಟರು ಕೇಳಿದಾಗ, ಅತ್ತೆ ನನ್ನ ಕೈ ಹಿಡಿದು ಎದ್ದೇಬಿಟ್ಟರು.

"ಮೊದಲ್ನೇ ಸಲ ಮೇಲ್ಮೇಲೆ ತೆಗ್ದುಬುಟ್ಟೆ ಕಣಮ್ಮ. ಆಳಕ್ಕೋಗ್ಬೇಕಿತ್ತು. ತಪ್ಪು ನಂದು, ನೋವು ನಿಮ್ ಸೊಸೇದು. ಇನ್ನೊಂದ್ಸಲ ಬುಡಿ" ಅಂದರು ಡಾಕ್ಟರು.

ಡಾಕ್ಟರೊಬ್ಬರು ಹೀಗೆ ಹೇಳಿದ್ದನ್ನು ಅತ್ತೆ ಕೇಳಿದ್ದಿಲ್ಲ. ಕೈ ಬಿಟ್ಟು ಕೂತರು.

ಎರಡನೇ ಚೂರಿನಲ್ಲಿ ಕ್ಷಯ ಸಿಕ್ಕಿತು. ಎದೆಯ ಎಕ್ಸ್‌ರೇ ಚೆನ್ನಾಗಿಯೇ ಇತ್ತು. ರೋಗ ಮೂಗಿನಲ್ಲೇ ಮನೆ ಮಾಡಿತ್ತು. ಆರು ತಿಂಗಳು ಮಾತ್ರೆ, ಸರಕಾರಿ ಆಸ್ಪತ್ರೆಯಿಂದಲೇ ಬಂತು. ಎರಡು ತಿಂಗಳಿಗೆ ಹಕ್ಕಳೆ ಉದುರಿ ಉಸಿರು ಸಲೀಸಾದಾಗ, ಹೊಟ್ಟೆ ತೊಳಸುತ್ತದೆಂದು ಮಾತ್ರೆ ನಿಲ್ಲಿಸಿಬಿಟ್ಟೆ. ಮುಂದಿನ ಸಲ ಡಾಕ್ಟರು ಕೇಳಿದಾಗ ಅವರ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. ಅವರು ಬೈಯಲಿಲ್ಲ. ಹೊಟ್ಟೆಗೊಂದು ಔಷಧ ಬರೆದು ನನ್ನ ನಂಬರು ಇಸಿದುಕೊಂಡರು.

ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ಫೋನು. "ನುಂಗಿದ್ಯಾ?" ಅಷ್ಟೇ. ಒಮ್ಮೊಮ್ಮೆ ನನಗೆ ಸಿಟ್ಟೇ ಬರುತ್ತಿತ್ತು. ಇವತ್ತು ನನ್ನ ಮೂಗು ನೆಟ್ಟಗಿದ್ದರೆ ಅದು ಆ ಫೋನುಗಳಿಂದ.

ಕೊನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಫೋನು ಬರಲಿಲ್ಲ. ನಾನೇ ಮಾಡಿದೆ. ಅವರ ಹೆಂಡತಿ ಎತ್ತಿದರು. ಡಾಕ್ಟರು ಮಲಗಿದವರು ಏಳಲಿಲ್ಲವಂತೆ.

ನಾನು ಫೋನು ಹಿಡಿದು ಅಳುತ್ತಿದ್ದೆ. ಫೋನಿನ ಮಾತು ಕೇಳಿಸಿಕೊಂಡಿದ್ದ ಅತ್ತೆ ಬಚ್ಚಲಿಗೆ ಹೋಗಿ, ನೆಂಟರು ಸತ್ತಾಗ ಮಾಡುವಂತೆ, ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡರು. ನೀರಿಳಿಯುವ ತಲೆಯಲ್ಲೇ ಬಂದು ನನ್ನ ಮುಂದೆ ನಿಂತರು.

"ಮೊದ್ಲು ಮಾತ್ರೆ ನುಂಗು. ಆಮೇಲೆ ನೀನೂ ನೀರಾಕ್ಕೋ ಕಣಮ್ಮ."