ಅಕ್ಕೋರ ಹಳದಿ ಸ್ಟ್ಯಾಂಡು

ಮೊನ್ನೆ ಶೆಡ್ಡಿನ ಮೂಲೆ ಖಾಲಿ ಮಾಡುವಾಗ ಹಳೇ ಎಂಜಿನ್ ಆಯಿಲ್ ಕುಡಿದ ಗೋಣಿಚೀಲದ ಗಂಟೊಂದು ಕೈಗೆ ಸಿಕ್ಕಿತು. ಒಳಗೇನಿದೆ ಎಂದು ಬಿಚ್ಚದೆಯೂ ಗೊತ್ತಿತ್ತು. ಜಾಕಿನಿಂದ ಎತ್ತಿದ ಕಾರು ಕೆಳಗೆ ಕೂರದಂತೆ ಅಡಿಗೆ ಕೊಡುವ, ಮೂರು ಕಾಲಿನ ಎರಡು ಕಬ್ಬಿಣದ ಸ್ಟ್ಯಾಂಡು. ಹಳದಿ ಬಣ್ಣ, ಅದರ ಮೇಲೆ ಬಿಳಿ ಪೇಂಟಿನಲ್ಲಿ ೧, ೨ ಎಂದು ದುಂಡನೆಯ ಅಂಕಿ. ಅವು ನನ್ನವಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ, ತಮ್ಮ ಅಣ್ಣನ ಜೊತೆಗಿದ್ದ ಅಕ್ಕೋರವು ಅವು. ತಂಬ್ರಹಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರು, ಅದಕ್ಕೇ ಓಣಿಗೆಲ್ಲ ಅಕ್ಕೋರು. ಓಡಾಟಕ್ಕೆ ಒಂದು ಹಳೇ ಕಾರು ಇಟ್ಟಿದ್ದರು. ಯಾವನೋ ಮೆಕ್ಯಾನಿಕ್ಕು ಚೆನ್ನಾಗಿದ್ದ ಸಾಮಾನನ್ನೇ ಕೆಟ್ಟಿದೆ ಎಂದು ಬದಲಿಸಿದ್ದು ಗೊತ್ತಾದ ಮೇಲೆ ಗಾಡಿಗೆ ಬೇರೆಯವರ ಕೈ ಹಚ್ಚಗೊಡಲಿಲ್ಲ. ಭಾನುವಾರ ಬಂತೆಂದರೆ ಸೀರೆಯ ಮೇಲೆ ಅಣ್ಣನ ಹಳೇ ಅಂಗಿ ತೊಟ್ಟು, ಅಂಗಳದಲ್ಲಿ ಗೋಣಿಚೀಲ ಹಾಸಿ, ನಟ್ಟು ಬಿಚ್ಚುವ ಪಾನಾಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿಕೊಂಡು ಕೂರುವರು. ಪ್ಲಗ್ ಬಿಚ್ಚುವ ಉದ್ದ ಪಾನಾ, ಪಕ್ಕಡ್, ಸ್ಕ್ರೂ ಡ್ರೈವರ್, ಆಯಿಲ್ ಹಿಡಿಯಲು ಅಂಚು ಮುರಿದ ಪ್ಲಾಸ್ಟಿಕ್ ಬೋಗುಣಿ... ಓಣಿಯವರು ನೋಡಿ ನಗುತ್ತಿದ್ದರು. ನಾನೂ ನಕ್ಕವನೇ. ಆಮೇಲೆ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ತಂದು, ನಾಚಿಕೆ ಬಿಟ್ಟು ಅವರ ಮುಂದೆಯೇ ಹೋಗಿ ನಿಂತೆ. ಪ್ಲಗ್ ಒರೆಸುವುದರಿಂದ ಹಿಡಿದು ಬ್ರೇಕಿನ ತನಕ ಕಲಿಸಿದರು. ಬೈದದ್ದು ಒಂದೇ ಸಲ, ಬರೀ ಜಾಕಿನ ಮೇಲಿದ್ದ ಕಾರಿನಡಿ ನಾನು ತಲೆ ತೂರಿಸಿದಾಗ.

"ಜಾಕ್ ಇರಾದು ಎತ್ತಾಕಷ್ಟರಿ. ಭಾರ ಹೊರಾಕ ಸ್ಟ್ಯಾಂಡ್ ಬೇಕು. ತಲಿ ಹೋದ್ರ ಅಂಗಡ್ಯಾಗ ಸಿಗಂಗಿಲ್ಲ."

ಹೀಗೆ ಹೇಳಿ ಈ ಎರಡನ್ನೂ ನನ್ನ ಕೈಗೆ ಕೊಟ್ಟು ಕಳಿಸಿದರು.

ನನ್ನ ಕೆಲಸ ಎರಡೇ ದಿನಕ್ಕೆ ಮುಗಿಯಿತು. ವಾಪಸ್ ಕೊಡುವ ಬದಲು ಅವುಗಳ ಮೇಲೊಂದು ಹಲಗೆ ಹಾಕಿ ಶೇಂಗಾ ಚೀಲ ಒಟ್ಟಿದೆ. ಇಲಿ ಹತ್ತುವುದಿಲ್ಲವೆಂದು ಹೆಂಡತಿಯ ಹತ್ತಿರ ಜಂಬ ಬೇರೆ! ತಿಂಗಳಾದ ಮೇಲೆ ಒಂದು ಶನಿವಾರ ಅಕ್ಕೋರು ಕಾಂಪೌಂಡಿನ ಆಚೆಯಿಂದ, "ನಾಳಿ ಬ್ರೇಕ್ ಕೆಲ್ಸ ಐತ್ರಿ, ಸ್ಟ್ಯಾಂಡ್ ಬೇಕಾಗಿದ್ವು," ಎಂದರು. ಬೆಳಿಗ್ಗೆ ತಂದುಕೊಡುತ್ತೇನೆ ಎಂದೆ. ಬೆಳಿಗ್ಗೆ ಚೀಲ ಇಳಿಸಲು ಮೈಗಳ್ಳತನ. ಊಟವಾದ ಮೇಲೆ ಕೊಟ್ಟರಾಯಿತು ಎಂದು ಟಿವಿ ಮುಂದೆ ಕೂತೆ.

ಸೋಮವಾರ ಅವರಿಗೆ ಪರೀಕ್ಷೆಯ ಡ್ಯೂಟಿ, ಗಾಡಿ ಬೇಕೇ ಬೇಕು. ಕೊಟ್ಟದ್ದನ್ನು ಎರಡನೇ ಸಲ ಕೇಳುವ ಜಾಯಮಾನ ಅವರದಲ್ಲ. ಅಂದೇ ಕಟ್ಟಡದ ಸೈಜುಗಲ್ಲು ಪೇರಿಸಿ ಅದರ ಮೇಲೆ ಕಾರು ಕೂರಿಸಿದರು. ಅಡಿಗೆ ಉರುಳಿದ ನಟ್ಟಿಗೆ ಕೈ ಚಾಚಿದ್ದರಂತೆ, ಕಲ್ಲು ಜಾರಿತು... ಬಲಗೈಯ ಮೂರು ಬೆರಳು ಹೋದವು.

ಆಸ್ಪತ್ರೆಯಲ್ಲಿ ಅವರಣ್ಣ ಬಂದವರೆದುರಿಗೆಲ್ಲ, "ಹೆಣ್ಮಕ್ಳಿಗ್ಯಾಕ ಬೇಕ್ರಿ ಪಾನಾ ಹಿಡಿಯಾದು?" ಎಂದು ಹಂಗಿಸುತ್ತಿದ್ದ. ಓಣಿಗೆ ಓಣಿಯೇ ಅದನ್ನೇ ಆಡಿತು. ನಾನು ಬಾಯಿಬಿಟ್ಟು ಆಡಲಿಲ್ಲ, ತಲೆ ಮಾತ್ರ ಆಡಿಸಿದೆ. ಅಕ್ಕೋರು ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡಿದರು.

"ನಿಮ್ಮ ಗಾಡಿ ಕೆಲ್ಸ ಮುಗೀತೇನ್ರಿ?"

ತಪ್ಪು ಒಪ್ಪಿಕೊಳ್ಳಲು ಅವರೇ ದಾರಿ ಮಾಡಿಕೊಟ್ಟಿದ್ದರು. ನಾನು "ಮುಗೀತ್ರಿ ಅಕ್ಕೋರ" ಎಂದು ಎಳನೀರಿನ ಚೀಲವನ್ನು ಮಂಚದ ಪಕ್ಕ ಇಟ್ಟು ಹೊರಬಿದ್ದೆ. ಥೂ!

ಅಣ್ಣ ಕಾರನ್ನೂ ಮಾರಿದ, ಪಾನಾಗಳನ್ನೂ ಮಾರಿದ. ಅಕ್ಕೋರು ಬಸ್ಸಿಗೆ ಓಡಾಡಿದರು. ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯಲು ಕಲಿತರಂತೆ. ಅಕ್ಷರ ಸೊಟ್ಟಗೆ ಬರುತ್ತಿತ್ತು, ಮಕ್ಕಳು ನಗುತ್ತಿದ್ದರಂತೆ. ಸ್ಟ್ಯಾಂಡಿನ ಮಾತನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ. ನಾನೂ ಕೊಡಲಿಲ್ಲ, ಗೋಣಿಚೀಲದಲ್ಲಿ ಕಟ್ಟಿ ಶೆಡ್ಡಿನ ಮೂಲೆಗೆ ತಳ್ಳಿದೆ. ಕೊಟ್ಟರೆ ಅವು ಯಾರ ಮನೆಯಲ್ಲಿದ್ದವೆಂದು ಊರಿಗೆಲ್ಲ ಗೊತ್ತಾಗುತ್ತಿತ್ತಲ್ಲ... ಹೋದ ವರ್ಷ ಅಕ್ಕೋರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿಯೂ ಹೆಣ್ಣು ಪಾನಾ ಹಿಡಿದ ಮಾತನ್ನು ಯಾರೋ ತೆಗೆದರು. ನಾನು ಚಪ್ಪಲಿ ಹುಡುಕಿಕೊಂಡು ಬಂದೆ.

ಈಗ ನನ್ನ ಮಗಳು ಕಾರಿನ ಕೆಲಸ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಮೊನ್ನೆ ಆ ಗಂಟನ್ನು ನನ್ನ ಕೈಯಿಂದ ಕಸಿದು ಬಿಚ್ಚಿದವಳು ಅವಳೇ. ಆ ಅಂಕಿಗಳ ಮೇಲೆ ಬೆರಳಾಡಿಸಿ, "ಎಷ್ಟ್ ಚಂದ ಬರದಾರಪ್ಪ! ಯಾರವು ಇವು?" ಎಂದು ಕೇಳಿದಳು.

ಅಕ್ಕೋರ ಹೆಸರು ನಾಲಿಗೆಯ ತುದಿಯ ತನಕ ಬಂದಿತ್ತು.

"ನಮ್ಮವೇ ಬಿಡವ್ವ," ಎಂದೆ.